ಬಾಳೆಹಣ್ಣಿನ ನೊಣವೂ ನಮ್ಮ ಮೈಯೂ
(ಕುಷಾಯಿಗೂಡದಲ್ಲಿ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರಿಗೆಲ್ಲ ಒಂದು ಪುಟ್ಟ ನೊಣದ ಪರಿಚಯ ಉಂಟು. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ, ಎಳ್ಳುಕಾಳಿನಷ್ಟು ಗಾತ್ರದ ಕೆಂಗಣ್ಣಿನ ನೊಣ. ನೀವು ಅದನ್ನು ಓಡಿಸುತ್ತೀರಿ, ವಿಜ್ಞಾನಿಗಳು ಸಾಕುತ್ತಾರೆ. 1977ರಲ್ಲಿ ಹುಟ್ಟಿ, ಈಗ ಇಲ್ಲಿಗೆ ಕೆಲವೇ ಮೈಲಿ ದೂರದ ಹಬ್ಸಿಗುಡದಲ್ಲಿರುವ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಸಾಕುತ್ತಾರೆ. ನಮ್ಮ ಬೆಂಗಳೂರು, ಮೈಸೂರುಗಳಲ್ಲಿಯೂ ಸಾಕುತ್ತಾರೆ. ಬಡವರ ತೆರಿಗೆಯ ಹಣ ನೊಣಕ್ಕೇಕೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಮಗ್ಗದ ಒಂದು ಭಾಗದ ಕೆಲಸವೇನೆಂದು ತಿಳಿಯಬೇಕಾದರೆ ಅದನ್ನು ಕಳಚಿಟ್ಟು ಬಟ್ಟೆ ಹೇಗೆ ಕೆಡುತ್ತದೆಂದು ನೋಡಬಹುದು. ಜೀನುಗಳ ವಿಷಯವೂ ಹಾಗೆಯೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮಾ ಅವರು ರೆಕ್ಕೆಯಿಲ್ಲದ ಒಂದು ನೊಣದ ತಳಿಯನ್ನು 1973ರಲ್ಲಿ ವರದಿ ಮಾಡಿದರು. ಕೆಟ್ಟಿದ್ದ ಆ ಜೀನಿಗೆ 'ವಿಂಗ್‌ಲೆಸ್', ಎಂದರೆ ರೆಕ್ಕೆಯಿಲ್ಲದ್ದು, ಎಂದು ಹೆಸರಾಯಿತು. ಆದರೆ ಆ ಜೀನು ಪೂರ್ತಿಯಾಗಿ ಇಲ್ಲವಾದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಸತ್ತದ್ದರಲ್ಲಿ ರೆಕ್ಕೆಯ ಕೆಲಸವನ್ನು ನೋಡುವುದೆಂತು?

ಉಪಾಯ ಬಂದದ್ದು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಿಂದ. ಅದರಲ್ಲಿ 'ಫ್ಲಿಪ್' ಎಂಬ ಕತ್ತರಿಯಂಥ ವಸ್ತುವಿದೆ. ತನ್ನ ಗುರುತು ಇದ್ದಲ್ಲಿ ಮಾತ್ರ ಅದು ಕತ್ತರಿಸಿ ಮತ್ತೆ ಕೂಡಿಸುತ್ತದೆ. 1989ರಲ್ಲಿ ಅಮೆರಿಕದ ಗೋಲಿಕ್ ಮತ್ತು ಲಿಂಡ್‌ಕ್ವಿಸ್ಟ್ ಇದನ್ನು ನೊಣದಲ್ಲಿ ಕೆಲಸಕ್ಕೆ ಹಚ್ಚಿದರು. ಹಿಂದೆ ಇದಕ್ಕೆ ಎಕ್ಸ್-ರೇ ಹಾಯಿಸುತ್ತಿದ್ದರು. ಅದು ಎಲ್ಲೆಂದರಲ್ಲಿ ಕತ್ತರಿಸುತ್ತಿತ್ತು.

ಕೋಶದಲ್ಲಿ ವರ್ಣತಂತುಗಳು ಜೋಡಿಯಾಗಿರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದು ಎಳೆಯಲ್ಲಿ ಒಳ್ಳೆಯ ಜೀನು, ಇನ್ನೊಂದರಲ್ಲಿ ಕೆಟ್ಟದ್ದು ಇರುವ ನೊಣವನ್ನು ಬೆಳೆಸುತ್ತಾರೆ. ಒಳ್ಳೆಯದರ ಬಲದಿಂದ ಅದು ಬದುಕುತ್ತದೆ. 37 ಡಿಗ್ರಿ ಕಾವು ಕೊಟ್ಟೊಡನೆ ಕತ್ತರಿ ಎಚ್ಚರಗೊಂಡು ಎರಡೂ ಎಳೆಗಳ ತುದಿಗಳನ್ನು ಅದಲುಬದಲು ಮಾಡಿ ಗಂಟುಹಾಕುತ್ತದೆ. ಆ ಕೋಶ ಇಬ್ಭಾಗವಾದಾಗ ಒಂದು ಪಾಲಿಗೆ ಎರಡೂ ಒಳ್ಳೆಯವು, ಇನ್ನೊಂದಕ್ಕೆ ಎರಡೂ ಕೆಟ್ಟವು ಬರಬಹುದು. ಹೀಗೆ ಬದುಕಿರುವ ನೊಣದ ಮೈಯಲ್ಲಿ ಒಂದು ಚುಕ್ಕೆಯಷ್ಟೇ ಜಾಗದಲ್ಲಿ ಜೀನು ಇಲ್ಲವಾಗುತ್ತದೆ. ಇದೇ ಪುನಸ್ಸಂಯೋಜನೆ.

ಇಂಥ ಪರೀಕ್ಷೆಗಳಿಂದ ಒಂದು ಸೋಜಿಗ ತಿಳಿಯಿತು. ವಿಂಗ್‌ಲೆಸ್ ಜೀನು ಇಲ್ಲದ ಚಿಕ್ಕ ಚುಕ್ಕೆಯೂ ಅನೇಕ ವೇಳೆ ಸರಿಯಾಗಿಯೇ ಬೆಳೆಯುತ್ತದೆ. ನೆರೆಯ ಕೋಶಗಳು ತಮ್ಮ ಸರಕನ್ನು ಅದಕ್ಕೂ ಕಳುಹಿಸುತ್ತವೆ. ಇನ್ನೊಂದು ಸಂಗತಿ 1987ರಲ್ಲಿ ಹೊರಬಿತ್ತು: ಇಲಿಯ ಸ್ತನದ ಗಂಟಿನಲ್ಲಿ ಕಂಡಿದ್ದ ಜೀನು ಇದರ ಬಂಧುವೇ. ಮನುಷ್ಯರ ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ ಜೀನಿನ ಕೆಲಸದ ದಾರಿ ಕೆಟ್ಟಿರುತ್ತದೆ. ನೊಣಕ್ಕೆ ಹಾಕಿದ ಹಣ ನಮ್ಮ ಮೈಗೆ ಬಂದು ಸೇರಿತು.

ಇದನ್ನು ಏಕೆ ಹೇಳಿದೆನೆಂದರೆ, ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂದರೆ ವಂಶದ ಕಳಂಕ, ಹಣೆಬರಹ ಎಂದು ಮುಚ್ಚಿಡುತ್ತಾರೆ. ಮುಚ್ಚಿಟ್ಟವನಿಗೆ ಚಿಕಿತ್ಸೆ ತಡವಾಗುತ್ತದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಿರಬೇಡಿ. ಎದೆಯಲ್ಲಿ ಗಂಟು ಕಂಡ ತಾಯಂದಿರು ನಾಚಬೇಡಿ. ವೈದ್ಯರಲ್ಲಿಗೆ ಹೋಗಿ, ಮನೆಯಲ್ಲಿ ಯಾರಿಗೆ ಈ ರೋಗ ಬಂದಿತ್ತೆಂಬುದನ್ನೂ ಹೇಳಿ. ಕೆಟ್ಟ ಜೀನು ಯಾರ ತಪ್ಪೂ ಅಲ್ಲ. ನೆರೆಯ ಕೋಶ ಮಾಡುವಷ್ಟು ಉಪಕಾರವನ್ನು ನೆರೆಯ ಮನುಷ್ಯನೂ ಮಾಡಬಲ್ಲ: ಜೊತೆಯವನನ್ನು ಆಸ್ಪತ್ರೆಗೆ ಕರೆದೊಯ್ಯಿರಿ.