ಉಪ್ಪು, ನೀರು ಮತ್ತು ರಕ್ತದ ಒತ್ತಡ
(ಅರಸೀಕೆರೆಯ ಆರೋಗ್ಯ ಪ್ರದರ್ಶನದ ಉದ್ಘಾಟನಾ ಭಾಷಣ)



ಈ ಪ್ರದರ್ಶನದೊಳಗೆ ಮೊದಲ ಮೇಜಿನ ಮೇಲೆ ಒಂದು ಲೀಟರು ನೀರು ತುಂಬಿದ ಗಾಜಿನ ಪಾತ್ರೆಯನ್ನೂ, ಅದರ ಪಕ್ಕದಲ್ಲಿ 9 ಗ್ರಾಂ ಉಪ್ಪನ್ನೂ ಇರಿಸಿದ್ದಾರೆ. ನಮ್ಮ ರಕ್ತದ್ರವದ ಲವಣಾಂಶವು ಸರಿಸುಮಾರು ಈ ಪ್ರಮಾಣದ್ದೇ ಆದಕಾರಣ, ಮೂತ್ರಪಿಂಡಗಳು ಹೊರಹಾಕಲಾರದೆ ಉಳಿಸಿಕೊಂಡ 9 ಗ್ರಾಂ ಉಪ್ಪು ಹೆಚ್ಚುಕಡಮೆ ಒಂದು ಲೀಟರು ನೀರನ್ನೂ ದೇಹದಲ್ಲಿ ಹಿಡಿದಿಟ್ಟುಕೊಳ್ಳುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಹಿರಿಯರ ಗಾದೆಯು ಶರೀರಶಾಸ್ತ್ರದಲ್ಲಿಯೂ ಅಕ್ಷರಶಃ ಸತ್ಯ.

ಹಳೇಬೀಡಿನ ದ್ವಾರಸಮುದ್ರದಂತಹ ಕೆರೆಗೆ ಒಳಹರಿವು ಹೆಚ್ಚಿ, ತೂಬು ಸಾಲದಾದಾಗ ಏರಿಯ ಮೇಲೆ ಭಾರ ಬೀಳುವಂತೆ, ಹೀಗೆ ಉಳಿದ ನೀರಿನಿಂದ ರಕ್ತದ ಪರಿಮಾಣ ಹೆಚ್ಚಿದಾಗ ಧಮನಿಗಳ ಭಿತ್ತಿಯ ಮೇಲೆ ಒತ್ತಡವೇರುತ್ತದೆ. ವರ್ಷಗಳು ಕಳೆದಂತೆ ಧಮನಿಗಳು ಪೆಡಸಾಗಿ, ಆ ಒತ್ತಡವೇ ಮೂತ್ರಪಿಂಡಗಳನ್ನು ಕೆಡಿಸಿ, ಉಪ್ಪನ್ನು ಹೊರಹಾಕುವ ಅವುಗಳ ಶಕ್ತಿಯನ್ನು ಮತ್ತಷ್ಟು ಕುಗ್ಗಿಸುವುದು. ಕಾಲು ಊದಿಲ್ಲ, ತಲೆ ಸುತ್ತಿಲ್ಲ, ಆದುದರಿಂದ ತನಗೆ ಬೀಪಿ ಇಲ್ಲವೆಂದು ನಂಬಿ ಕುಳಿತವನು ಮೋಸಹೋಗುತ್ತಾನೆ. ಬಹುಮಂದಿಯಲ್ಲಿ ಈ ವ್ಯಾಧಿ ಯಾವ ಚಿಹ್ನೆಯನ್ನೂ ತೋರದೆ ಬೆಳೆಯುತ್ತದೆ.

1940ರ ದಶಕದಲ್ಲಿ ಅಮೆರಿಕೆಯಲ್ಲಿ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು, ಉಪ್ಪಿಲ್ಲದ ಅನ್ನ ಹಾಗೂ ಹಣ್ಣುಗಳ ಕಠಿಣ ಪಥ್ಯದಿಂದ ಅನೇಕ ರೋಗಿಗಳ ತೀವ್ರ ರಕ್ತದೊತ್ತಡವನ್ನು ಇಳಿಸಿ ತೋರಿಸಿದರು. ಅಷ್ಟು ಕಠೋರ ವ್ರತವು ನಮಗೆ ಬೇಕಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಮೆ, ಎಂದರೆ ಮಟ್ಟಸವಾದ ಒಂದು ಟೀ ಚಮಚೆಯೊಳಗೆ, ಉಪ್ಪನ್ನು ಮಿತಗೊಳಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರು ಹುಳಿಗಳಿಗೆ ಹಾಕಿದುದನ್ನಷ್ಟೇ ಎಣಿಸಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ತಿನಿಸು, ಮಜ್ಜಿಗೆಗೆ ಬೆರಸಿದ ಚಿಟಿಕೆ ಇವನ್ನೆಲ್ಲ ಮರೆಯುವುದರಿಂದಲೇ ನಮ್ಮ ಲೆಕ್ಕ ತಪ್ಪುತ್ತದೆ. ಈ ತೆಂಗಿನ ಸೀಮೆಯ ಎಳನೀರಿನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಹೊರಹೋಗಲು ನೆರವಾಗುವುದುಂಟು. ಆದರೆ ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಅದನ್ನು ಕುಡಿಯಲಾಗದು.

ಜನರು ನೀರಿನ ಮಾತ್ರೆಯೆನ್ನುವ ಔಷಧವು ಮೂತ್ರದ ಮೂಲಕ ಉಪ್ಪನ್ನೂ ನೀರನ್ನೂ ಕಳೆಯುತ್ತದೆ. ಅದನ್ನು ನುಂಗಿ, ಊಟದಲ್ಲಿ ಮತ್ತೆ ಉಪ್ಪು ಸುರಿದುಕೊಂಡರೆ ಪ್ರಯೋಜನವೇನು? ಗುಣ ಕಂಡಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯಕರ. ಅಡುಗೆಯ ಹೊಣೆ ಹೊತ್ತ ತಾಯಂದಿರು ಮಾತ್ರವಲ್ಲದೆ, ಎಲೆಯ ಮುಂದೆ ಕುಳಿತು ಮೇಲುಪ್ಪು ಬೇಡುವ ಗಂಡಸರೂ ಈ ಸಂಯಮವನ್ನು ಕಲಿಯಬೇಕು.

ಇಲ್ಲಿಂದ ಹೊರಡುವ ಮುನ್ನ ಪ್ರತಿಯೊಬ್ಬರೂ ಐದು ನಿಮಿಷ ಶಾಂತವಾಗಿ ಕುಳಿತು, ತೋಳು ಚಾಚಿ, ತಮ್ಮ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತ, ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.