ನಿಂತ ಸ್ಥಾವರವೂ ಬಿಸಿಯಾಗಿರುತ್ತದೆ



ಭೂಮಿ ನಡುಗಿದೊಡನೆ ಅಣುಸ್ಥಾವರವನ್ನು ನಿಲ್ಲಿಸಿದರೆ ಅಪಾಯ ಕಳೆಯಿತೆಂಬ ಭಾವನೆ ಬಹುಜನರಲ್ಲಿದೆ. ವಸ್ತುಸ್ಥಿತಿ ಬೇರೆ. ಸರಪಳಿ ಕ್ರಿಯೆ ನಿಂತ ಕ್ಷಣದಲ್ಲಿಯೂ ಇಂಧನವು ಪೂರ್ಣ ಶಾಖದ ಶೇ. 6ರಷ್ಟನ್ನು ಹೊರಸೂಸುತ್ತಿರುತ್ತದೆ. ಅದು ಕ್ರಮೇಣ ಇಳಿದರೂ ತಿಂಗಳುಗಟ್ಟಲೆ ನೀರು ಹಾಯಿಸಿ ತಣಿಸುತ್ತಿರಬೇಕು. ನೀರು ಹಾಯಲು ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯಿಚಿಯಲ್ಲಿ ಸೋತದ್ದು ಈ ಕೊನೆಯ ಕೊಂಡಿಯೇ. ಭೂಕಂಪವಾದೊಡನೆ ನಡೆಯುತ್ತಿದ್ದ ಮೂರೂ ರಿಯಾಕ್ಟರುಗಳು ತಾವಾಗಿ ನಿಂತವು. ಹೊರಗಿನ ವಿದ್ಯುತ್ತು ಕಡಿದಾಗ ಡೀಸೆಲ್ ಜನರೇಟರುಗಳು ಚಾಲೂ ಆದವು. ಗಂಟೆಯೊಳಗೆ ಬಂದ ಸುಮಾರು 14 ಮೀಟರ್ ಎತ್ತರದ ಸುನಾಮಿ, ನೆಲಮಾಳಿಗೆಯಲ್ಲಿದ್ದ ಜನರೇಟರುಗಳನ್ನು ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಎತ್ತರದಲ್ಲಿ ಉಳಿದ ಒಂದೇ ಜನರೇಟರು 5 ಮತ್ತು 6ನೆಯ ಘಟಕಗಳನ್ನು ಕಾಪಾಡಿತು. 15.7 ಮೀಟರ್ ಎತ್ತರದ ಅಲೆ ಬರಬಹುದೆಂದು ಕಂಪನಿಯ ಒಳಗಿನ ಲೆಕ್ಕವೇ 2008ರಲ್ಲಿ ತೋರಿಸಿತ್ತು. ಆದರೂ ತಡೆಗೋಡೆ ಏಳಲಿಲ್ಲ. ಕಂಪನಕೇಂದ್ರಕ್ಕೆ ಇನ್ನೂ ಸಮೀಪವಿದ್ದ ಓನಾಗಾವಾ ಸ್ಥಾವರವನ್ನು, ಪೂರ್ವಕಾಲದ ಸುನಾಮಿಗಳನ್ನು ಲೆಕ್ಕಕ್ಕೆ ಹಿಡಿದು, 14.8 ಮೀಟರ್ ಎತ್ತರದ ನೆಲದಲ್ಲಿ ಕಟ್ಟಲಾಗಿತ್ತು. ಅದು ಉಳಿಯಿತು.

ಫುಕುಶಿಮಾದಲ್ಲಿ ಜನರ ಸ್ಥಳಾಂತರವೂ ಸುಲಭವಾಗಿರಲಿಲ್ಲ. ಆಸ್ಪತ್ರೆಯಿಂದ ಸಾಗಿಸಿದ ಹಲವು ವೃದ್ಧ ರೋಗಿಗಳು ಆ ಗೊಂದಲದಲ್ಲಿಯೇ ಅಸುನೀಗಿದರು. ದುರಂತವು ಸ್ಥಾವರವನ್ನು ಮಾತ್ರವಲ್ಲ, ಪಾರಾಗುವ ದಾರಿಯನ್ನೂ ಮುರಿಯುತ್ತದೆ.

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಎಣಿಸಬೇಕಾದದ್ದು ಕಡಲಿನ ಅಲೆಗಿಂತ ಹೆಚ್ಚಾಗಿ ಕಾಳಿ ನದಿಯ ನೆರೆಯನ್ನು, ಮೇಲಿನ ಅಣೆಕಟ್ಟುಗಳನ್ನು, ಮಳೆಗೆ ಜಾರುವ ಗುಡ್ಡವನ್ನು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯೇ ಕುಸಿಯಿತು. ಸ್ಥಾವರಕ್ಕೆ ಅಪಾಯ ಒದಗುವಂಥ ಮಳೆಯಲ್ಲಿ ಜನರು ಹೊರಡಬೇಕಾದದ್ದು ಇಂಥ ದಾರಿಗಳಿಂದಲೇ.

ಆದುದರಿಂದ ಗ್ರಾಮಸಭೆಗಳು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಮೇಲಿನ ಅಣೆಕಟ್ಟು ಒಡೆದರೆ ನೀರು ಎಷ್ಟು ಎತ್ತರಕ್ಕೆ ಏರುತ್ತದೆ? ಜನರೇಟರುಗಳು ಅದಕ್ಕಿಂತ ಮೇಲಿವೆಯೇ? ಘಟ್ಟದ ರಸ್ತೆ ಕುಸಿದಾಗ ಬದಲಿ ದಾರಿ ಯಾವುದು? ಹಾಸಿಗೆ ಹಿಡಿದವರನ್ನು, ಬಸುರಿಯರನ್ನು ಸಾಗಿಸುವವರು ಯಾರು? ಉತ್ತರವು ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ ಕಾಣಬೇಕು. ಅಣಕು ಕಾರ್ಯಾಚರಣೆ ಆಷಾಢದ ಮಳೆಯಲ್ಲಿಯೂ ನಡೆಯಬೇಕು. ಆಪತ್ತು ಬಿಸಿಲನ್ನು ನೋಡಿಕೊಂಡು ಬರುವುದಿಲ್ಲ.