ಅಪ್ಪ ಕೊಟ್ಟ ಸ್ವರ



1940ರ ದಶಕದ ಕೊನೆ. ಅಮೆರಿಕದ ಶಿಕಾಗೋದಲ್ಲಿ ಪಾಪ್ಸ್ ಸ್ಟೇಪಲ್ಸ್ ಎಂಬ ಕೂಲಿಕಾರ ಅಪ್ಪ. ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆಯಿಂದ ವಲಸೆ ಬಂದವರು. ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು, ಗಿಟಾರಿನ ತಂತಿ ಮೀಟಿ, ಯಾರು ಯಾವ ಸ್ವರ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದರು. ಚರ್ಚಿನಲ್ಲಿ ಹಾಡಲು ಹೊರಟ ಆ ಮನೆಮಂದಿಯೇ ‘ಸ್ಟೇಪಲ್ ಸಿಂಗರ್ಸ್’.

ಮಗಳು ಮೇವಿಸ್‌ದು ದಪ್ಪ ದನಿ. ರೇಡಿಯೋದಲ್ಲಿ ಕೇಳಿದವರು ಗಂಡಸೆಂದೇ ತಿಳಿದರಂತೆ! ಅಪ್ಪ ಆ ದನಿಯನ್ನು ತಿದ್ದಲು ಹೋಗಲಿಲ್ಲ. ಮುಂದೆ ನಿಲ್ಲಿಸಿದರು.

ನಾವಾದರೆ? ಮಗು ಸ್ವಲ್ಪ ಬೇರೆ ಥರ ಇದ್ದರೂ ಸರಿಮಾಡಲು ಕೂತುಬಿಡುತ್ತೇವೆ. ಶಾಲೆಯ ಪ್ರಾರ್ಥನೆಯಲ್ಲೂ ಅಂಥವರಿಗೆ ಹಿಂದಿನ ಸಾಲೇ ಗತಿ.

1972ರಲ್ಲಿ ಸ್ಟೇಪಲ್ ಸಿಂಗರ್ಸ್ ತಂಡದ ‘ಐಲ್ ಟೇಕ್ ಯೂ ದೇರ್’ ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ಮೊದಲ ಸ್ಥಾನಕ್ಕೇರಿತು. ಮುಖ್ಯ ದನಿ ಮೇವಿಸ್‌ದು. ತಂಡದಲ್ಲಿ ಅಕ್ಕಂದಿರೂ ಇದ್ದರು, ಅಪ್ಪನೂ ಇದ್ದರು.